ಕಲ್ಲುಗಳಿಗೆ ವಿಳಾಸ ಬರೆದ ರೈಸ್ ಸಾಹೇಬರು

ಮೂರನೇ ಸೆಮಿಸ್ಟರ್‌ನಲ್ಲಿ ನಮಗೆ ಒಂದು ರಿಪೋರ್ಟ್ ಬರೆಯೋಕೆ ಹೇಳಿದ್ದರು. ಅವರವರ ತಾಲ್ಲೂಕಿನ ಒಂದು ಹಳೆಯ ವಿಷಯ ತಗೊಂಡು ಹತ್ತು ಪುಟ ಬರೆಯಬೇಕು, ಕೊನೆಯಲ್ಲಿ ರೆಫರೆನ್ಸ್ ಕಡ್ಡಾಯ. ನಮ್ಮ ಟೀಮಿನಲ್ಲಿ ನಾಲ್ಕು ಜನ, ಇಬ್ಬರು ಗುಂಡ್ಲುಪೇಟೆ ಕಡೆಯವರು, ಇಬ್ಬರು ಚಾಮರಾಜನಗರದವರು. ಗುಂಡ್ಲುಪೇಟೆ ತಾಲ್ಲೂಕಿನ ಒಂದು ಊರಿನ ಶಾಸನದ ಬಗ್ಗೆ ಬರೆದೆವು. ಹತ್ತು ಪುಟ ಬರೆಯೋಕೆ ಹತ್ತು ದಿನ ಬೇಕಾಯಿತು. ರೆಫರೆನ್ಸ್ ಪಟ್ಟಿಗೆ ನಾವು ಕೊಟ್ಟಿದ್ದು ಕೊನೆಯ ರಾತ್ರಿಯ ನಲವತ್ತು ನಿಮಿಷ ಮಾತ್ರ. ಇಂಟರ್‌ನೆಟ್‌ನಲ್ಲಿ ಯಾರೋ ಬರೆದಿದ್ದ ಲೇಖನದ ಕೊನೆಯಲ್ಲಿದ್ದ ಸಾಲುಗಳನ್ನು ಕಾಪಿ ಮಾಡಿ, ಐಇಇಇ ಶೈಲಿ ಅಂತ ಚೌಕ ಬ್ರ್ಯಾಕೆಟ್ ಹಾಕಿ, ಒಂದರಿಂದ ಹದಿನಾಲ್ಕರ ತನಕ ನಂಬರ್ ಕೊಟ್ಟು ಮಲಗಿದೆವು.

ಮೇಡಂ ರಿಪೋರ್ಟ್ ಓದೋಕೆ ಮುಂಚೆ ಕೊನೆಯ ಪುಟ ತೆಗೆದರು. ನಮ್ಮ ಆರನೇ ರೆಫರೆನ್ಸ್ ಮೇಲೆ ಬೆರಳಿಟ್ಟರು. ಎಪಿಗ್ರಾಫಿಯ ಕರ್ನಾಟಿಕ, ಸಂಪುಟ 4, ಗುಂಡ್ಲುಪೇಟೆ, ಅದರ ಮುಂದೆ ಒಂದು ಶಾಸನದ ನಂಬರ್. ಅವರ ಮೇಜಿನ ಮೇಲೆ 4ನೇ ಸಂಪುಟ ಇತ್ತು. ನಮ್ಮ ಕೈಗೇ ಕೊಟ್ಟು ಹುಡುಕಿ ಅಂದರು. ಹುಡುಕಿದೆವು. ಚಾಮರಾಜನಗರ ಇತ್ತು, ಯಳಂದೂರು ಇತ್ತು, ಕೊಳ್ಳೇಗಾಲ ಇತ್ತು. ಗುಂಡ್ಲುಪೇಟೆಯೇ ಇರಲಿಲ್ಲ. ನಾವು ನೋಡದ ಪುಸ್ತಕವನ್ನು ನೋಡಿದ್ದೀವಿ ಅಂತ ಬರೆದಿದ್ದು ಅಲ್ಲೇ ಸಿಕ್ಕಿಬಿತ್ತು. ರಿಪೋರ್ಟ್ ವಾಪಸ್ ಬಂತು. ಒಂದು ವಾರ ಟೈಮ್ ಕೊಟ್ಟರು. ಆ ಶಾಸನ ನಿಜವಾಗಿ ಎಲ್ಲಿ ಅಚ್ಚಾಗಿದೆ ಅಂತ ತೋರಿಸಿದರೆ ಮಾತ್ರ ಮಾರ್ಕ್ಸ್.

ಆ ಒಂದು ವಾರ ನಾವು ಹುಡುಕಿದ್ದು ಶಾಸನವನ್ನು. ಆದರೆ ದಾರಿಯಲ್ಲಿ ಪ್ರತಿ ತಿರುವಿನಲ್ಲೂ ಸಿಕ್ಕಿದ್ದು ಒಬ್ಬರೇ ಮನುಷ್ಯ, ಬೆಂಜಮಿನ್ ಲೂಯಿಸ್ ರೈಸ್. ಬಿ.ಎಲ್. ರೈಸ್ ಅಂತ ಹೈಸ್ಕೂಲಿನ ಸಮಾಜ ವಿಜ್ಞಾನದಲ್ಲಿ ಒಂದು ಸಾಲಿನಲ್ಲಿ ಓದಿ ಮರೆತಿದ್ದೆವು. ಈ ಲೇಖನ ಅವರ ಬದುಕಿನ ಬಗ್ಗೆ.

ಬೆಂಗಳೂರಲ್ಲಿ ಹುಟ್ಟಿದ ಹುಡುಗ

ರೈಸ್ ಅಂದ ಕೂಡಲೇ ಹಡಗು ಹತ್ತಿ ಬಂದ ಇಂಗ್ಲಿಷ್ ಅಧಿಕಾರಿ ಅಂತ ನಾವೂ ಅಂದುಕೊಂಡಿದ್ದೆವು. ಆದರೆ ಅವರು ಹುಟ್ಟಿದ್ದು ಬೆಂಗಳೂರಲ್ಲೇ, 1837ರ ಜುಲೈನಲ್ಲಿ. ತಂದೆ ರೆವರೆಂಡ್ ಬೆಂಜಮಿನ್ ರೈಸ್ ಲಂಡನ್ ಮಿಷನ್‌ನ ಪಾದ್ರಿ, ಕನ್ನಡ ಚೆನ್ನಾಗಿ ಕಲಿತವರು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಪುಸ್ತಕದ ಅಂಗಡಿಗಳ ನಡುವೆ ಇರುವ ರೈಸ್ ಮೆಮೋರಿಯಲ್ ಚರ್ಚ್ ಅವರ ಹೆಸರಿನದು. ಸೆಕೆಂಡ್ ಹ್ಯಾಂಡ್ ಎಂಜಿನಿಯರಿಂಗ್ ಪುಸ್ತಕ ಹುಡುಕಿಕೊಂಡು ಆ ರಸ್ತೆಗೆ ಹೋದವರು ಅದರ ಮುಂದೆ ಓಡಾಡಿಯೇ ಇರುತ್ತೀರಿ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ.ಪಿ. ರೈಸ್ ಇವರ ತಮ್ಮ. ಅಂದರೆ ಮನೆಯಲ್ಲೇ ಕನ್ನಡ ಇತ್ತು.

ಓದೋಕೆ ಇಂಗ್ಲೆಂಡಿಗೆ ಹೋದರು. ವಾಪಸ್ ಬಂದಿದ್ದು 1860ರಲ್ಲಿ, ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾಗಿ. ಆಗ ವಯಸ್ಸು 23. ನಮಗಿಂತ ನಾಲ್ಕೇ ವರ್ಷ ದೊಡ್ಡವರು. ಆ ಹೈಸ್ಕೂಲೇ ಮುಂದೆ ಸೆಂಟ್ರಲ್ ಕಾಲೇಜ್ ಆಯಿತು. ಸ್ವಲ್ಪ ವರ್ಷಕ್ಕೆ ಅವರನ್ನು ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರ್ ಮಾಡಿದರು. ಆಮೇಲೆ ವಿದ್ಯಾ ಇಲಾಖೆಯ ದೊಡ್ಡ ಹುದ್ದೆಗಳಿಗೂ ಹೋದರು.

ಇನ್ಸ್‌ಪೆಕ್ಟರ್ ಕೆಲಸ ಅಂದರೆ ಊರೂರು ಸುತ್ತೋದು. ಶಾಲೆ ಇರೋದು ಊರಲ್ಲಿ, ಊರಲ್ಲಿ ದೇವಸ್ಥಾನ, ದೇವಸ್ಥಾನದ ಮುಂದೆ ಅಕ್ಷರ ಕೆತ್ತಿದ ಕಲ್ಲು. ನಮ್ಮ ಕಡೆ ಇಂಥ ಕಲ್ಲು ಇಲ್ಲದ ಊರು ಕಡಿಮೆ. ಕೆಲವನ್ನು ದೇವರು ಅಂತ ಪೂಜೆ ಮಾಡುತ್ತಾರೆ, ಕೆಲವದರ ಮೇಲೆ ಬಟ್ಟೆ ಒಗೆಯುತ್ತಾರೆ. ಓದೋಕೆ ಮಾತ್ರ ಯಾರಿಗೂ ಬರೋದಿಲ್ಲ. ಹಳಗನ್ನಡದ ಲಿಪಿ ಈಗಿನದರ ಥರ ಇಲ್ಲ. ರೈಸ್ ಶಾಲೆ ನೋಡೋಕೆ ಹೋದಲ್ಲೆಲ್ಲ ಈ ಕಲ್ಲುಗಳೂ ಕಣ್ಣಿಗೆ ಬಿದ್ದವು.

ಇನ್ನೊಂದು ಕಡೆಯಿಂದಲೂ ಕೆಲಸ ಅವರ ಹತ್ತಿರ ಬಂತು. 1860ರ ದಶಕದಲ್ಲಿ, ಬೌರಿಂಗ್ ಮೈಸೂರಿನ ಕಮಿಷನರ್ ಆಗಿದ್ದಾಗ, ಮೇಜರ್ ಡಿಕ್ಸನ್ ಅನ್ನುವ ಸೇನಾಧಿಕಾರಿ ಸರ್ಕಾರಕ್ಕಾಗಿ ಸುಮಾರು 150 ಶಾಸನಗಳ ಫೋಟೋ ತೆಗೆದಿದ್ದರು. ಫೋಟೋ ಇತ್ತು, ಅರ್ಥ ಇರಲಿಲ್ಲ. ಅವನ್ನು ಓದಿ ಇಂಗ್ಲಿಷಿಗೆ ತರೋ ಕೆಲಸ ರೈಸ್‌ಗೆ ಬಂತು. ಪಂಡಿತರನ್ನು ಜೊತೆಗಿಟ್ಟುಕೊಂಡು ವರ್ಷಗಟ್ಟಲೆ ಕೂತು ಮುಗಿಸಿದರು. ಅದು 1879ರಲ್ಲಿ ಮೈಸೂರು ಶಾಸನಗಳು ಅನ್ನುವ ಹೆಸರಿನಲ್ಲಿ ಪುಸ್ತಕವಾಯಿತು. ಇದೆಲ್ಲ ಮುಖ್ಯ ಕೆಲಸದ ಜೊತೆಗೆ ಮಾಡಿದ್ದು. ಅದರ ನಡುವೆಯೇ ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ಕೂಡ ಬರೆದರು. ಅದು 1877-78ರಲ್ಲಿ ಬಂತು. ಒಂದೊಂದು ತಾಲ್ಲೂಕಿನ ಬೆಟ್ಟ, ಹೊಳೆ, ಬೆಳೆ, ಜನ, ಚರಿತ್ರೆ ಎಲ್ಲ ಅದರಲ್ಲಿದೆ.

1885ರಲ್ಲಿ ಮೈಸೂರು ಸಂಸ್ಥಾನ ಪುರಾತತ್ವದ ಕೆಲಸವನ್ನು ಅವರಿಗೆ ವಹಿಸಿತು. ಮೊದಲು ಉಳಿದ ಕೆಲಸದ ಜೊತೆಗೆ, 1890ರಿಂದ ಪೂರ್ತಿ ಸಮಯ. ಅಲ್ಲಿಂದ ಮುಂದೆ ಅವರಿಗೆ ಇದೇ ಕೆಲಸ.

ಹನ್ನೆರಡು ಸಂಪುಟ

ಸಂಸ್ಥಾನದ ಪ್ರತಿ ತಾಲ್ಲೂಕಿನ ಪ್ರತಿ ಊರಿಗೆ ಹೋಗಬೇಕು, ಅಕ್ಷರ ಇರುವ ಪ್ರತಿ ಕಲ್ಲು ಮತ್ತು ತಾಮ್ರಪಟವನ್ನು ನಕಲು ಮಾಡಬೇಕು, ಅಚ್ಚು ಹಾಕಬೇಕು. ರೈಸ್ ಹಾಕಿಕೊಂಡ ಪ್ಲಾನ್ ಇದು. ಆಗ ಡ್ರೋನ್ ಇಲ್ಲ, ಸ್ಕ್ಯಾನರ್ ಇಲ್ಲ, ಊರಿಗೆ ಬಸ್ಸೂ ಇಲ್ಲ.

ಶಾಸನದ ಪಡಿಯಚ್ಚು ತೆಗೆಯೋದು ಹೇಗೆ ಅಂತ ನಮ್ಮಲ್ಲಿ ಒಬ್ಬರು ಮೈಸೂರಿನಲ್ಲಿ ನೋಡಿದ್ದಾರೆ. ಮೊದಲು ಕಲ್ಲಿನ ಮೇಲಿನ ಪಾಚಿ, ಎಣ್ಣೆ, ಕುಂಕುಮ ಎಲ್ಲ ತೊಳೀಬೇಕು. ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಮೆತ್ತಗೆ ಬಡಿಯಬೇಕು. ಕಾಗದ ಅಕ್ಷರದ ಗುಳಿಯೊಳಗೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದರೆ ಕಲ್ಲಿನ ಮೈ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಒಂದು ಕಲ್ಲಿಗೆ ಇಷ್ಟು ಕಷ್ಟ ಅಂದರೆ ಸಾವಿರಾರು ಕಲ್ಲಿಗೆ ಎಷ್ಟು ಅಂತ ಲೆಕ್ಕ ಹಾಕಿ.

ಮೊದಲ ಸಂಪುಟ ಕೊಡಗಿನದು, 1886. ಎರಡನೆಯದು ಶ್ರವಣಬೆಳಗೊಳದ್ದು, 1889. ಮೂರನೆಯದು ಮೈಸೂರು ಜಿಲ್ಲೆಯ ಮೊದಲ ಭಾಗ, 1894. ನಾಲ್ಕನೆಯದು ಮೈಸೂರು ಜಿಲ್ಲೆಯ ಎರಡನೇ ಭಾಗ, 1898. ಆಮೇಲೆ ಹಾಸನ, ಕಡೂರು, ಶಿವಮೊಗ್ಗ, ಬೆಂಗಳೂರು, ಕೋಲಾರ, ಚಿತ್ರದುರ್ಗ, ತುಮಕೂರು. 1905ರ ಹೊತ್ತಿಗೆ ಹನ್ನೆರಡು ಸಂಪುಟ ಮುಗಿದಿತ್ತು. ಒಟ್ಟು ಸುಮಾರು 9,000 ಶಾಸನ. ಇದರ ಮಧ್ಯೆಯೇ 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಸಿಕ್ಕಿತು. ಅಶೋಕನ ಆಡಳಿತ ಕರ್ನಾಟಕದ ತನಕ ಇತ್ತು ಅಂತ ನಾವು ಈಗ ಸಲೀಸಾಗಿ ಬರೆಯೋದಕ್ಕೆ ಅದೂ ಒಂದು ಆಧಾರ. ಹಳೆಯ ಕನ್ನಡ ಕಾವ್ಯಗಳನ್ನು ತಾಳೆಗರಿಯಿಂದ ಅಚ್ಚಿಗೆ ತರುವ ಮಾಲೆಯನ್ನೂ ಅವರು ನಡೆಸಿದರು. ಪಂಪನ ವಿಕ್ರಮಾರ್ಜುನ ವಿಜಯ ಮೊದಲ ಸಲ ಅಚ್ಚಾಗಿದ್ದು ಆ ಮಾಲೆಯಲ್ಲೇ, 1898ರಲ್ಲಿ.

ಅದೇ 1898ರ 4ನೇ ಸಂಪುಟ ನಮ್ಮ ಜಿಲ್ಲೆಗೆ ಮುಖ್ಯ. ಆಗ ಚಾಮರಾಜನಗರ ಜಿಲ್ಲೆ ಅಂತ ಇರಲಿಲ್ಲ, ಅದು ಬಂದಿದ್ದು 1997ರಲ್ಲಿ. ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು ಎಲ್ಲ ಮೈಸೂರು ಜಿಲ್ಲೆಯ ಒಳಗಿದ್ದವು. ಮೂರೂ ಈ ಸಂಪುಟದಲ್ಲಿವೆ. ಕೊಳ್ಳೇಗಾಲ ಮಾತ್ರ ಇಲ್ಲ. ಯಾಕಂದರೆ ಅದು ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ನಮಗೆ ಬಂದಿದ್ದು 1956ರಲ್ಲಿ. ನಮ್ಮ ಜಿಲ್ಲಾ ಕೇಂದ್ರದ ಹಳೆಯ ಹೆಸರು ಅರಿಕುಠಾರ, ಗುಂಡ್ಲುಪೇಟೆಯ ಹಳೆಯ ಹೆಸರು ವಿಜಯಪುರ. ತೆರಕಣಾಂಬಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಮಲೆಯೂರಿನ ಕನಕಗಿರಿ, ಇವುಗಳ ಬಗ್ಗೆ ಈಗ ಯಾರು ಏನೇ ಬರೆದರೂ ಸುತ್ತಿ ಬಳಸಿ ಆ ಸಂಪುಟಕ್ಕೇ ಬಂದು ನಿಲ್ಲುತ್ತಾರೆ.

ಎರಡು ಅಕ್ಷರ, ಒಂದು ನಂಬರ್

ನಾವು ಎಂಜಿನಿಯರಿಂಗ್‌ನವರಾಗಿ ರೈಸ್‌ಗೆ ಬಿದ್ದುಹೋಗಿದ್ದು ಇಲ್ಲಿ. 9,000 ಶಾಸನ ಸೇರಿಸೋದು ಒಂದು ಕಷ್ಟ. ಸೇರಿಸಿದ್ದರಲ್ಲಿ ಬೇಕಾದ ಒಂದನ್ನು ಬೇರೆ ಯಾರೋ, ಎಲ್ಲೋ ಕೂತು, ತಪ್ಪಿಲ್ಲದೆ ತೆಗೆಯೋ ಹಾಗೆ ಮಾಡೋದು ಇನ್ನೊಂದು ಕಷ್ಟ. ಡೇಟಾಬೇಸ್ ಕ್ಲಾಸಿನಲ್ಲಿ ಪ್ರೈಮರಿ ಕೀ ಅಂತ ಹೇಳಿಕೊಡುತ್ತಾರಲ್ಲ, ಅದೇ ಪ್ರಾಬ್ಲಂ.

ಅವರು ಮಾಡಿದ್ದು ಸರಳ. ಪ್ರತಿ ತಾಲ್ಲೂಕಿಗೆ ಎರಡು ಇಂಗ್ಲಿಷ್ ಅಕ್ಷರ, ಆ ತಾಲ್ಲೂಕಿನೊಳಗೆ ಪ್ರತಿ ಶಾಸನಕ್ಕೆ ಒಂದು ನಂಬರ್. ಗುಂಡ್ಲುಪೇಟೆಗೆ ಜಿ ಯು. ಚಾಮರಾಜನಗರಕ್ಕೆ ಸಿ ಎಚ್. ಆದರೆ ಸಂಸ್ಥಾನದಲ್ಲಿ ಚ ಅಕ್ಷರದಿಂದ ಶುರುವಾಗೋ ತಾಲ್ಲೂಕು ಎಷ್ಟಿವೆ ನೋಡಿ. ಚನ್ನಪಟ್ಟಣ, ಚನ್ನರಾಯಪಟ್ಟಣ, ಚಿಕ್ಕಮಗಳೂರು, ಚಿತ್ರದುರ್ಗ, ಚಳ್ಳಕೆರೆ, ಇನ್ನೂ ಇವೆ. ಎಲ್ಲಕ್ಕೂ ಸಿ ಎಚ್ ಅಂತ ಕೊಟ್ಟಿದ್ದರೆ ಡಿಕ್ಕಿ. ಅದಕ್ಕೆ ಚನ್ನಪಟ್ಟಣಕ್ಕೆ ಸಿ ಪಿ, ಚನ್ನರಾಯಪಟ್ಟಣಕ್ಕೆ ಸಿ ಎನ್, ಚಿಕ್ಕಮಗಳೂರಿಗೆ ಸಿ ಎಂ, ಚಿತ್ರದುರ್ಗಕ್ಕೆ ಸಿ ಡಿ, ಚಳ್ಳಕೆರೆಗೆ ಸಿ ಎಲ್. ಯಳಂದೂರು ಮತ್ತು ಎಡತೊರೆ ಇಂಗ್ಲಿಷಿನಲ್ಲಿ ಎರಡೂ ವೈ ಇ ಅಂತಲೇ ಶುರು. ಯಳಂದೂರಿಗೆ ವೈ ಎಲ್, ಎಡತೊರೆಗೆ ವೈ ಡಿ. ಯಾವುದೂ ಇನ್ನೊಂದಕ್ಕೆ ಡಿಕ್ಕಿ ಹೊಡೆಯಲ್ಲ. ನೂರಕ್ಕೂ ಹೆಚ್ಚು ವರ್ಷ ಆದಮೇಲೂ ಚರಿತ್ರೆಯ ಪುಸ್ತಕಗಳ ಅಡಿಟಿಪ್ಪಣಿಯಲ್ಲಿ ಈ ಎರಡೆರಡು ಅಕ್ಷರ ಹಾಗೇ ಬರ್ತಿವೆ.

ಇನ್ನೊಂದು ಜಾಣತನ ಇದೆ. ಒಂದು ಸಂಪುಟದಲ್ಲಿ ಒಂದೇ ಶಾಸನ ಮೂರು ಕಡೆ ಬರುತ್ತದೆ. ರೋಮನ್ ಅಕ್ಷರದಲ್ಲಿ ಮೂಲ ಪಾಠ, ಇಂಗ್ಲಿಷ್ ಅನುವಾದ, ಕನ್ನಡ ಅಕ್ಷರದಲ್ಲಿ ಮೂಲ ಪಾಠ. ಮೂರಕ್ಕೂ ಪುಟದ ಸಂಖ್ಯೆ ಬೇರೆ ಬೇರೆ. ಶಾಸನದ ನಂಬರ್ ಮಾತ್ರ ಒಂದೇ. ಅದಕ್ಕೇ ವಿದ್ವಾಂಸರು ಪುಟದ ಬದಲು ಶಾಸನದ ನಂಬರ್ ಕೊಡೋದು. ಪಾಠದ ತಲೆಬರಹದಲ್ಲಿ ಊರಿನ ಹೆಸರು, ಕಲ್ಲು ಇರುವ ಜಾಗ ಇರುತ್ತದೆ. ದೇವಸ್ಥಾನದ ಮುಂದೆ, ಕೆರೆ ಏರಿಯ ಮೇಲೆ, ಇಂಥವರ ಹೊಲದಲ್ಲಿ, ಹೀಗೆ. ಅನುಮಾನ ಬಂದವರು ಪುಸ್ತಕ ಹಿಡ್ಕೊಂಡು ಸೀದಾ ಕಲ್ಲಿನ ಹತ್ತಿರಕ್ಕೇ ಹೋಗಬಹುದು.

ನಾವು ರೆಫರೆನ್ಸ್ ಅಂದರೆ ಮಾರ್ಕ್ಸ್ ಕಟ್ ಆಗದೇ ಇರಲಿ ಅಂತ ಹಾಕೋ ಪಟ್ಟಿ ಅಂದುಕೊಂಡಿದ್ದೆವು. ರೈಸ್ ಸಂಪುಟ ನೋಡಿದ ಮೇಲೆ ಅದು ವಿಳಾಸ ಅಂತ ಗೊತ್ತಾಯಿತು. ವಿಳಾಸದಲ್ಲಿ ಮನೆ ನಂಬರ್ ಸರಿ ಇದ್ದು ಊರು ತಪ್ಪಿದರೆ ಕಾಗದ ಸೇರೋದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. ಇಷ್ಟೂ ಕೆಲಸ ಒಬ್ಬರೇ ಮಾಡೋದು ಸಾಧ್ಯವೇ ಇಲ್ಲ. ಬಿಸಿಲಲ್ಲಿ ಕೂತು ನಕಲು ಮಾಡಿದ ಪಂಡಿತರು, ಗುಮಾಸ್ತರು, ಕಲ್ಲು ತೋರಿಸಿದ ಊರಿನವರು ತುಂಬ ಜನ. ಸಂಪುಟದ ಮುಖಪುಟದಲ್ಲಿ ಸಂಪಾದಕರ ಜಾಗದಲ್ಲಿ ಇರೋದು ರೈಸ್ ಹೆಸರು ಒಂದೇ. ಕಲ್ಲಿಗೆಲ್ಲ ವಿಳಾಸ ಸಿಕ್ಕಿತು, ಅದನ್ನು ಓದಿದ ಎಷ್ಟೋ ಜನಕ್ಕೆ ಸಿಗಲಿಲ್ಲ. ನಮ್ಮ ಪ್ರಾಜೆಕ್ಟ್‌ಗಳಲ್ಲಿ ಕೋಡ್ ಬರೆದವರೊಬ್ಬರು, ಹೆಸರು ಇನ್ನೊಬ್ಬರದು ಆಗುತ್ತದಲ್ಲ, ಆ ಕಾಯಿಲೆ ಹಳೆಯದು.

ಮಲೆಯೂರಿನ ಪುಸ್ತಕ, ಫ್ಲೀಟ್ ಸಾಹೇಬರ ಜಗಳ

ರೈಸ್ ತಪ್ಪೇ ಮಾಡಲಿಲ್ಲ ಅಂತ ಬರೆದರೆ ಈ ಲೇಖನ ಸನ್ಮಾನ ಪತ್ರ ಆಗಿಬಿಡುತ್ತದೆ. ಅವರು ತಪ್ಪಿದ್ದೂ ಇದೆ. ಅದರಲ್ಲಿ ಒಂದು ನಮ್ಮ ಜಿಲ್ಲೆಗೆ ಸಂಬಂಧಪಟ್ಟಿದ್ದು.

ಚಾಮರಾಜನಗರ ತಾಲ್ಲೂಕಿನ ಮಲೆಯೂರಿನಲ್ಲಿ ಕನಕಗಿರಿ ಇದೆ, ಹಳೆಯ ಜೈನ ಕ್ಷೇತ್ರ. ಅಲ್ಲಿಯ ದೇವಚಂದ್ರ 19ನೇ ಶತಮಾನದ ಮೊದಲ ಅರ್ಧದಲ್ಲಿ ರಾಜಾವಳಿ ಕಥೆ ಅನ್ನುವ ಪುಸ್ತಕ ಬರೆದರು. ಜೈನ ಸಂಪ್ರದಾಯದಲ್ಲಿ ಹಿಂದಿನಿಂದ ಬಂದ ಕಥೆಗಳನ್ನೆಲ್ಲ ಅದರಲ್ಲಿ ಸೇರಿಸಿದ್ದಾರೆ. ಭದ್ರಬಾಹು ಮುನಿಯ ಜೊತೆ ಚಂದ್ರಗುಪ್ತ ಶ್ರವಣಬೆಳಗೊಳಕ್ಕೆ ಬಂದ ಕಥೆಯೂ ಇದೆ. ರೈಸ್ 1889ರ ಶ್ರವಣಬೆಳಗೊಳ ಸಂಪುಟದಲ್ಲಿ ಅಲ್ಲಿಯ ಬೆಟ್ಟದ ಮೇಲಿನ ಒಂದು ಹಳೆಯ ಶಾಸನವನ್ನು ಈ ಕಥೆಗೆ ಜೋಡಿಸಿದರು, ಶಾಸನ ತುಂಬಾ ಪ್ರಾಚೀನ ಅಂದರು.

ಬೊಂಬಾಯಿ ಪ್ರಾಂತ್ಯದಲ್ಲಿ ಜೆ.ಎಫ್. ಫ್ಲೀಟ್ ಅಂತ ಇನ್ನೊಬ್ಬ ದೊಡ್ಡ ಶಾಸನ ತಜ್ಞರಿದ್ದರು. ಅವರು ಇದನ್ನು ಒಪ್ಪಲಿಲ್ಲ. ರಾಜಾವಳಿ ಕಥೆ ಇತ್ತೀಚಿನ ಪುಸ್ತಕ, ಎರಡು ಸಾವಿರ ವರ್ಷ ಹಿಂದಿನದಕ್ಕೆ ಅದನ್ನು ಆಧಾರ ಮಾಡೋ ಹಾಗಿಲ್ಲ ಅನ್ನೋದು ಅವರ ವಾದ. ಶಾಸನದ ಕಾಲವೂ ರೈಸ್ ಹೇಳಿದ್ದಕ್ಕಿಂತ ತುಂಬ ಈಚಿನದು ಅಂದರು. ಗಂಗರ ಹಳೆಯ ತಾಮ್ರಪಟಗಳ ವಿಷಯದಲ್ಲೂ ಇಬ್ಬರಿಗೂ ಜಟಾಪಟಿ. ಫ್ಲೀಟ್ ಅವುಗಳಲ್ಲಿ ಹಲವನ್ನು ನಕಲಿ ಅಂದರು, ರೈಸ್ ಅಸಲಿ ಅಂತ ನಿಂತರು. ಇದು ವರ್ಷಗಟ್ಟಲೆ ನಡೆಯಿತು.

ನಮಗೆ ಇದರಲ್ಲಿ ಯಾರು ಗೆದ್ದರು ಅನ್ನೋದಕ್ಕಿಂತ, ಜಗಳ ಹೇಗೆ ಸಾಧ್ಯ ಆಯಿತು ಅನ್ನೋದು ದೊಡ್ಡದಾಗಿ ಕಂಡಿತು. ರೈಸ್ ತಮ್ಮ ಅಭಿಪ್ರಾಯ ಮಾತ್ರ ಬರೆದು, ಶಾಸನದ ಪಾಠ ಕೊಡದೇ ಇದ್ದಿದ್ದರೆ? ರಾಜಾವಳಿ ಕಥೆಯಿಂದ ತಗೊಂಡೆ ಅಂತ ಹೇಳದೇ ತಮ್ಮದೇ ಅನ್ನೋ ಹಾಗೆ ಬರೆದಿದ್ದರೆ? ಫ್ಲೀಟ್‌ಗೆ ಹಿಡಿಯೋಕೆ ಏನೂ ಸಿಗ್ತಿರಲಿಲ್ಲ. ತಮ್ಮ ತಪ್ಪು ಹಿಡಿಯೋ ದಾರಿಯನ್ನು ರೈಸ್ ಅವರೇ ಅಚ್ಚು ಹಾಕಿಸಿ ಕೊಟ್ಟಿದ್ದರು.

ಆ ದಾರಿಯಲ್ಲಿ ಮುಂದೆ ಹೋದವರು ಆರ್. ನರಸಿಂಹಾಚಾರ್ಯರು. 1899ರಲ್ಲಿ ರೈಸ್ ಕೈಕೆಳಗೆ ಸಹಾಯಕರಾಗಿ ಸೇರಿದವರು, ಕರ್ನಾಟಕ ಕವಿಚರಿತೆ ಬರೆದವರು. ರೈಸ್ 1906ರಲ್ಲಿ ನಿವೃತ್ತರಾದಾಗ ಆ ಕುರ್ಚಿಗೆ ಬಂದರು. ಶ್ರವಣಬೆಳಗೊಳವನ್ನು ಮತ್ತೆ ಪೂರ್ತಿ ಹುಡುಕಿ 1923ರಲ್ಲಿ ಹೊಸ ಆವೃತ್ತಿ ತಂದರು. ರೈಸ್ ಕೊಟ್ಟಿದ್ದು 144 ಶಾಸನ, ಇವರು ಕೊಟ್ಟಿದ್ದು 500. ಜಗಳದ ಆ ಶಾಸನ ಸುಮಾರು ಕ್ರಿ.ಶ. 600ರದ್ದು ಅಂತ ತೀರ್ಮಾನಿಸಿದರು. ಅಂದರೆ ಹಳೆಯ ಬಾಸ್ ಹೇಳಿದಷ್ಟು ಹಿಂದಿನದಲ್ಲ. ಆದರೆ ಚಂದ್ರಗುಪ್ತ ಬಂದ ಸಂಪ್ರದಾಯವನ್ನು ಪೂರಾ ತಳ್ಳಿಹಾಕಲೂ ಇಲ್ಲ. ಆ ಹೊಸ ಪುಸ್ತಕ ಬಂದಾಗ ರೈಸ್ ಇನ್ನೂ ಬದುಕಿದ್ದರು, ಇಂಗ್ಲೆಂಡಿನಲ್ಲಿ.

ಕೊನೆಯ ವರ್ಷಗಳು

ನಿವೃತ್ತಿ ಆದಾಗ ಅವರಿಗೆ 70 ಹತ್ತಿರ. ಹುಟ್ಟಿದ ಊರು ಬಿಟ್ಟು ಇಂಗ್ಲೆಂಡಿಗೆ ಹೋದರು. ಹೋದ ಮೇಲೂ ಸುಮ್ಮನೆ ಕೂರಲಿಲ್ಲ. ಹನ್ನೆರಡು ಸಂಪುಟಗಳಿಂದ ಗೊತ್ತಾದ ರಾಜವಂಶಗಳ ಚರಿತ್ರೆಯನ್ನೆಲ್ಲ ಒಂದೇ ಪುಸ್ತಕಕ್ಕೆ ಇಳಿಸಿದರು. ಶಾಸನಗಳಿಂದ ತಿಳಿದ ಮೈಸೂರು ಮತ್ತು ಕೊಡಗು ಅನ್ನೋದು ಅದರ ಹೆಸರಿನ ಅರ್ಥ, 1909ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲಿ ಸಾಲು ಸಾಲಿಗೂ ಆ ಎರಡು ಅಕ್ಷರ ಮತ್ತು ನಂಬರ್ ಇವೆ. ಮೂವತ್ತು ವರ್ಷದ ಹಿಂದೆ ಡಿಕ್ಸನ್ ಫೋಟೋಗಳಿಂದ ಪುಸ್ತಕ ಮಾಡಿದವರು ಈಗ ತಾವೇ ಸೇರಿಸಿದ್ದನ್ನು ತಾವೇ ರೆಫರ್ ಮಾಡುವ ಸ್ಥಿತಿಗೆ ಬಂದಿದ್ದರು. 1927ರ ಜುಲೈನಲ್ಲಿ ಲಂಡನ್ ಹತ್ತಿರದ ಹ್ಯಾರೋದಲ್ಲಿ ತೀರಿಕೊಂಡರು. ಹತ್ತಿರ ಹತ್ತಿರ 90 ವರ್ಷ. ಕನ್ನಡದವರು ಅವರನ್ನು ಶಾಸನ ಪಿತಾಮಹ ಅಂತ ಕರೆದರು.

ನಮ್ಮ ಆರನೇ ರೆಫರೆನ್ಸ್

ಈಗ ನಮ್ಮ ಕಥೆಗೆ ಬರೋಣ. ಗುಂಡ್ಲುಪೇಟೆ ಯಾಕೆ ಕಾಣೆಯಾಗಿತ್ತು?

ಸ್ವಾತಂತ್ರ್ಯ ಬಂದ ಮೇಲೆ ಇನ್ನೂ ಎಷ್ಟೋ ಶಾಸನ ಸಿಕ್ಕಿದ್ದವು, ರೈಸ್ ಪಾಠಗಳಲ್ಲಿ ತಿದ್ದಬೇಕಾದ್ದು ಇತ್ತು, ಜಿಲ್ಲೆ ತಾಲ್ಲೂಕುಗಳ ಗಡಿಯೂ ಬದಲಾಗಿತ್ತು. ಅದಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿ ತರೋಕೆ ಶುರು ಮಾಡಿತು. ಹೊಸದರಲ್ಲಿ ತಾಲ್ಲೂಕುಗಳನ್ನು ಬೇರೆ ಥರ ಹಂಚಿದರು. ಗುಂಡ್ಲುಪೇಟೆ ಮತ್ತು ನಂಜನಗೂಡು 3ನೇ ಸಂಪುಟಕ್ಕೆ ಹೋದವು, ಅದು 1974ರಲ್ಲಿ ಬಂತು. ಚಾಮರಾಜನಗರ, ಯಳಂದೂರು 4ರಲ್ಲೇ ಉಳಿದವು, 1975. ಮದ್ರಾಸಿನಲ್ಲಿದ್ದ ಕೊಳ್ಳೇಗಾಲವೂ ಆ 4ನೇ ಸಂಪುಟದಲ್ಲಿ ಬಂದು ಕೂತಿತು. ಹೊಸ ಶಾಸನ ಸೇರಿದ್ದರಿಂದ ನಂಬರ್‌ಗಳೂ ಬದಲಾದವು.

ಇಂಟರ್‌ನೆಟ್‌ನಲ್ಲಿ ನಾವು ಕಾಪಿ ಹೊಡೆದ ಲೇಖನದವರು ಕೊಟ್ಟಿದ್ದು 1898ರ ರೈಸ್ ಸಂಪುಟದ ನಂಬರ್. ಮೇಡಂ ಮೇಜಿನ ಮೇಲಿದ್ದದ್ದು 1975ರ ಸಂಪುಟ. ಎರಡರ ಬೆನ್ನ ಮೇಲೂ 4 ಅಂತಲೇ ಇದೆ. ಆ ಲೇಖನದಲ್ಲೂ ವರ್ಷ ಇರಲಿಲ್ಲ, ನಾವೂ ಕೇಳಲಿಲ್ಲ. ಸಾಫ್ಟ್‌ವೇರ್ ವರ್ಷನ್ ನಂಬರ್ ಹೇಳದೇ ಬಗ್ ರಿಪೋರ್ಟ್ ಕೊಟ್ಟ ಹಾಗೆ. ಅಂದರೆ ಶಾಸನ ಸುಳ್ಳಲ್ಲ, ನಾವು ಬರೆದ ವಿಳಾಸ ಅರ್ಧ. ಆದರೆ ಪುಸ್ತಕ ತೆಗೆಯದೇ ತೆಗೆದಿದ್ದೀವಿ ಅಂತ ತೋರಿಸಿದ್ದು ನಿಜವಾಗಿ ಸುಳ್ಳು. ಮೇಡಂ ಸಿಟ್ಟು ಮಾಡಿಕೊಂಡಿದ್ದು ಅದಕ್ಕೆ ಅಂತ ಆಗ ಅರ್ಥ ಆಯಿತು.

ಹಳೆಯ ಸಂಪುಟದ ಸ್ಕ್ಯಾನ್ ಪ್ರತಿ ಆನ್‌ಲೈನ್‌ನಲ್ಲಿ ಸಿಕ್ಕಿತು. ನಮ್ಮ ಶಾಸನವೂ ಸಿಕ್ಕಿತು. ತಲೆಬರಹದಲ್ಲಿ ಕಲ್ಲಿನ ಜಾಗ ಬರೆದಿತ್ತು. ಭಾನುವಾರ ಎರಡು ಬೈಕಿನಲ್ಲಿ ಆ ಊರಿಗೆ ಹೋದೆವು. ಪುಸ್ತಕದಲ್ಲಿದ್ದ ಗುಡಿ ಈಗ ಹೊಸದಾಗಿ ಕಟ್ಟಿದ್ದು, ಮುಂದೆ ಟೈಲ್ಸ್ ಹಾಕಿದ್ದಾರೆ. ಜಗಲಿಯ ಮೇಲೆ ಕೂತಿದ್ದ ತಾತನನ್ನು ಕೇಳಿದೆವು. ಅಕ್ಷರದ ಕಲ್ಲು ಗುಡಿ ಹಿಂದುಗಡೆ ಐತೆ, ಹೋಗಿ ನೋಡ್ಕಳಿ ಮಕ್ಕಳೇ ಅಂದರು. ಇತ್ತು. ಅರ್ಧ ಮಣ್ಣಲ್ಲಿ ಹೂತಿತ್ತು, ಉಳಿದ ಅರ್ಧಕ್ಕೆ ಗುಡಿಗೆ ಬಳಿದ ಪೇಂಟನ್ನೇ ಬಳಿದಿದ್ದರು. ಊರಿನವರು ಅದಕ್ಕೂ ಅರಿಶಿನ ಕುಂಕುಮ ಇಟ್ಟಿದ್ದರು, ಅಂದರೆ ಗೌರವ ಇಲ್ಲ ಅಂತ ಅಲ್ಲ. ಆದರೆ ನಾವು ಮೊಬೈಲ್ ಟಾರ್ಚ್ ಅಡ್ಡಡ್ಡ ಹಿಡಿದು ನೋಡಿದರೂ ಹತ್ತು ಅಕ್ಷರಕ್ಕಿಂತ ಹೆಚ್ಚು ಕಾಣಲಿಲ್ಲ. ಉಳಿದ ಸಾಲುಗಳು ನಮಗೆ ಸಿಗೋದು ನಮ್ಮ ಮೊಬೈಲಿನಲ್ಲಿದ್ದ 1898ರ ಪುಟದಲ್ಲಿ ಮಾತ್ರ. ಯಾರೋ ಹೆಸರು ಗೊತ್ತಿಲ್ಲದ ನಕಲುಗಾರರು ಇದೇ ಕಲ್ಲಿನ ಮುಂದೆ ಕೂತು ಬರೆದುಕೊಂಡು ಹೋಗಿದ್ದರು.

ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು 2021ರಿಂದ ಶಾಸನದ ಕಲ್ಲುಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಅವರಿಗೂ ಎಲ್ಲಿ ಹುಡುಕಬೇಕು ಅಂತ ದಾರಿ ತೋರಿಸೋದರಲ್ಲಿ ರೈಸ್ ಸಂಪುಟದ್ದು ದೊಡ್ಡ ಪಾಲು. ಎಷ್ಟೋ ಕಲ್ಲುಗಳು ಲೇಔಟ್, ರಸ್ತೆ, ಪಾಯದ ಕೆಳಗೆ ಹೋಗಿಬಿಟ್ಟಿವೆ. ನಮ್ಮ ಜಿಲ್ಲೆಯಲ್ಲೂ ಇಂಥ ಕೆಲಸ ಆಗಬೇಕು, ಅದಕ್ಕೆ ಬೇಕಾದ ಕ್ಯಾಮೆರಾ, ಜಿಪಿಎಸ್, ಕೋಡಿಂಗ್ ಎಲ್ಲ ನಮ್ಮ ಕ್ಯಾಂಪಸ್ಸಿನಲ್ಲೇ ಇದೆ.

ನಮ್ಮ ಆರನೇ ರೆಫರೆನ್ಸನ್ನು ಮತ್ತೆ ಬರೆದೆವು. ಸಂಪಾದಕರ ಹೆಸರು, ಸಂಪುಟ, ಹಳೆಯ ಆವೃತ್ತಿ, 1898, ತಾಲ್ಲೂಕು, ಶಾಸನದ ನಂಬರ್. ಅದರ ಪಕ್ಕದಲ್ಲೇ 1974ರ ಪರಿಷ್ಕೃತ 3ನೇ ಸಂಪುಟದ ಹೊಸ ನಂಬರ್. ಉಳಿದ ಹದಿಮೂರನ್ನೂ ಒಂದೊಂದಾಗಿ ತೆಗೆದು ನೋಡಿದೆವು. ಐದು ನಾವು ಓದಿಯೇ ಇರಲಿಲ್ಲ, ಕಿತ್ತು ಹಾಕಿದೆವು. ಎರಡು ಲಿಂಕ್ ತೆರೆಯಲೇ ಇಲ್ಲ, ಅವೂ ಹೋದವು. ಕೊನೆಗೆ ಉಳಿದಿದ್ದು ಏಳು. ಮೇಡಂ ಏಳನ್ನೂ ಚೆಕ್ ಮಾಡಿ, ಒಂದರಲ್ಲಿ ಪುಟದ ಸಂಖ್ಯೆ ತಪ್ಪಿದೆ ಅಂತ ಗುರುತು ಹಾಕಿ ವಾಪಸ್ ಕೊಟ್ಟರು. ಸರಿ ಮಾಡಿಕೊಂಡು ಹೋದೆವು.

ಜೂನಿಯರ್‌ಗಳಿಗೆ ನಾವು ಹೇಳೋದು ಇಷ್ಟೇ. ಐಇಇಇ ಇರಲಿ, ಎಪಿಎ ಇರಲಿ, ಕಾಮಾ ಎಲ್ಲಿ ಬರಬೇಕು, ಇಟ್ಯಾಲಿಕ್ ಎಲ್ಲಿ ಅನ್ನೋದನ್ನು ಝೊಟೆರೊ, ಬಿಬ್‌ಟೆಕ್ ಥರದ ಟೂಲ್‌ಗಳು ಮಾಡಿಕೊಡುತ್ತವೆ. ಯಾವ ಆವೃತ್ತಿ, ಯಾವ ವರ್ಷ, ಯಾವ ಪುಟ, ನೀವೇ ತೆಗೆದು ನೋಡಿದ್ದೀರಾ ಅನ್ನೋದನ್ನು ಯಾವ ಟೂಲೂ ಹೇಳೋದಿಲ್ಲ. ಇನ್ನೊಬ್ಬರ ಲೇಖನದಲ್ಲಿ ನೋಡಿದ್ದಾದರೆ ಅವರ ಲೇಖನದಲ್ಲಿ ನೋಡಿದೆ ಅಂತಲೇ ಬರೆಯಿರಿ, ಅದರಲ್ಲಿ ಅವಮಾನ ಏನಿಲ್ಲ. ಎಐ ಕೊಟ್ಟ ಪಟ್ಟಿ ಆದರೆ ಇನ್ನೂ ಹುಷಾರು, ಇಲ್ಲದ ಪುಸ್ತಕವನ್ನೂ ಅದು ಚಂದವಾಗಿ ಫಾರ್ಮ್ಯಾಟ್ ಮಾಡಿ ಕೊಡುತ್ತದೆ.

ಗುಂಡ್ಲುಪೇಟೆ ಕಡೆ ಹೋದಾಗ ಗುಡಿ ಹಿಂದೆ ಅಕ್ಷರದ ಕಲ್ಲು ಕಂಡರೆ ಒಂದು ಫೋಟೋ ತೆಗೆದು, ಜಾಗದ ಹೆಸರು ಬರೆದು ನಮ್ಮ ಕನ್ನಡ ಬಳಗಕ್ಕೆ ಕಳಿಸಿ. ಅದಕ್ಕೆ ರೈಸ್ ಕೊಟ್ಟ ನಂಬರ್ ಯಾವುದು ಅಂತ ನಾವು ಹುಡುಕಿ ಕೊಡುತ್ತೇವೆ. ಹಳೆಯ ಸಂಪುಟದ್ದು, ಹೊಸ ಸಂಪುಟದ್ದು, ಎರಡೂ.